ಕೈ ನಂಬಬೇಕೋ, ಬರಹ ನಂಬಬೇಕೋ

ನಮ್ಮ ಊರಿನ ಸರ್ವರಿಗೆ ಯಾವುದೇ ಜೋಡುಸೇವೆ, ಅಂದರೆ ಹೊರಗಿನಿಂದ ಜೋಡಿಸುವ ಸಣ್ಣ ಪ್ರೋಗ್ರಾಮು, ಕೂಡಿಸುವಾಗ ಒಂದು ಸಾಲು ತುಂಬಬೇಕಾಗುತ್ತದೆ. 'ಈ ಹೆಸರಿನಲ್ಲಿ ಮಾತಾಡುವ ಹಕ್ಕು ಈ ಸೇವೆ ಒಂದಕ್ಕೇ: ಹೌದು ಅಥವಾ ಇಲ್ಲ.' ನನ್ನ ತಂಗಿ ದಾನವ್ವನ ಹೆಸರಿನ ಮುಂದೆ ಹತ್ತು ವರ್ಷದ ಹಿಂದೆ ನಾನು 'ಹೌದು' ಎಂದು ತುಂಬಿದ್ದೆ. ಆಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಅವಳ ಪರವಾಗಿ ಮಾತಾಡಲು ನನ್ನನ್ನು ಬಿಟ್ಟರೆ ಇನ್ನು ಯಾರಿದ್ದರು?

ದೊಡ್ಡ ಕಂಪನಿಗಳ ಮಾತಿನ ಜಾಲಗಳು ಒಂದೊಂದಾಗಿ ಮುಚ್ಚಿ, ಊರೂರಿಗೂ ತನ್ನದೇ ಸರ್ವರು ಬಂದ ಕಾಲ ಅದು. ಗುಳೇದಗುಡ್ಡದ ನಮ್ಮ ನೇಕಾರರ ಸಂಘದವರು ನೂಲಿಗೆ ಬಣ್ಣ ಹಾಕುತ್ತಿದ್ದ ಹಳೆಯ ಬಣ್ಣದ ಮನೆಯನ್ನು ತೊಳೆಸಿ ಅಲ್ಲಿ ಸರ್ವರು ಇಟ್ಟರು. ಕಂಪ್ಯೂಟರ್ ಮಗ್ಗಗಳನ್ನು ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಕರೆದು, 'ಮಾಗುಂಡಪ್ಪ, ಇನ್ನ ಮ್ಯಾಲೆ ಊರಿನ ಮಾತೆಲ್ಲಾ ನಿನ್ನ ಕೈಯಾಗ' ಎಂದರು. ಮನೆ ಮನೆಯ ಗೋಡೆಗೂ ಒಂದೊಂದು ಪರದೆ. ಒಬ್ಬರು ಬರೆದದ್ದು ಎಲ್ಲರಿಗೂ ಕಾಣುತ್ತದೆ, ಬೇಕೆಂದರೆ ಓದಿ ಹೇಳುತ್ತದೆ. ಅದಕ್ಕೆ ಜೋಡುಸೇವೆಗಳು ಹತ್ತಾರು. ನೂಲು ತೀರುತ್ತಿದೆ ಎಂದು ಎಚ್ಚರಿಸುವುದೊಂದು, ನಳದ ನೀರು ಬರುವ ಹೊತ್ತು ಹೇಳುವುದೊಂದು, ಬೇರೆ ಊರಿನ ಸರ್ವರುಗಳಿಗೆ ಸೇತುವೆ ಹಾಕುವುದೊಂದು. ಅವುಗಳಲ್ಲಿ ನಾನೇ ಕುಳಿತು ಬರೆದ ಸೇವೆ ಒಂದೇ. ಅದರ ಹೆಸರು 'ದನಿ'.

ದಾನವ್ವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಕಿವುಡ ಮಕ್ಕಳ ಶಾಲೆ ದೂರವೆಂದು ಅವ್ವ ಕಳಿಸಲಿಲ್ಲ. ಅಕ್ಷರ ಬಾರದು, ಆದರೆ ಖಣದ ನಕ್ಷೆ ಬರೆಯುವ ಚೌಕಳಿ ಕಾಗದವನ್ನು ನೀರು ಕುಡಿದಷ್ಟು ಸಲೀಸಾಗಿ ಓದುತ್ತಾಳೆ. ಅವಳು ಹಾಕಿದ ಅಂಚು ನೋಡಿದರೆ ಅದು ಅವಳದೇ ಎಂದು ಊರಿಗೆ ಊರೇ ಹೇಳುತ್ತದೆ. ಅವಳ ಸನ್ನೆಗಳು ಯಾವ ಪುಸ್ತಕದಲ್ಲೂ ಇಲ್ಲ. ಅವಳಿಗೆ ಐದು, ನನಗೆ ಹದಿಮೂರು ವರ್ಷವಾಗಿದ್ದಾಗ ನಾವಿಬ್ಬರೂ ಅಟ್ಟದ ಮೇಲೆ ಕುಳಿತು ಕಟ್ಟಿಕೊಂಡವು ಅವು.

ಆಗ ಅವಳಿಗೆ ಒಂದು ಹುಚ್ಚಿತ್ತು. ಎಲ್ಲರೂ ಒಮ್ಮೆಲೇ ಬಾಗಿಲ ಕಡೆ ತಿರುಗಿದರೆ ಓಡಿಬಂದು ನನ್ನ ಅಂಗಿ ಎಳೆಯುವಳು. ಏನು ಸಪ್ಪಳ? ನಾನು ಹೇಳಬೇಕು. ಪಾತ್ರೆ ಮಾರುವವಳು ಬಂದಳು, ಎಮ್ಮೆ ಕೂಗಿತು, ಮಗ್ಗದ ಲಾಳಿ ಸಿಕ್ಕಿಬಿತ್ತು. ದಿನಕ್ಕೆ ನೂರು ಸಲ. ಅದಕ್ಕೇ ಅವಳು ನನಗೆ ಇಟ್ಟ ಹೆಸರು, ತನ್ನ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವುದು. ಕಿವಿ. ಅದು ನಾನು.

'ದನಿ'ಯ ಕೆಲಸ ಸರಳ. ಅವಳ ಮಗ್ಗದ ಮೇಲೊಂದು ಕ್ಯಾಮೆರಾ. ಅವಳು ಕೈಯಲ್ಲಿ ಹೇಳಿದ್ದು ನನ್ನ ಪರದೆಗೆ ಬರುತ್ತದೆ. ನಾನು ಅರ್ಥ ಬರೆಯುತ್ತೇನೆ, ಅದು ಅವಳ ಹೆಸರಿನಲ್ಲಿ ಊರಿಗೆ ಹೋಗುತ್ತದೆ. ಕೈಯ ಚಿತ್ರ, ನನ್ನ ಬರಹ ಎರಡೂ ಜೋಡಿಯಾಗಿ ಸರ್ವರಿನಲ್ಲಿ ಉಳಿಯುತ್ತವೆ. ಹತ್ತು ವರ್ಷದಲ್ಲಿ ಅಂಥ ಅರವತ್ತು ಸಾವಿರ ಜೋಡಿ ಕೂಡಿದ್ದವು. 'ದಾನವ್ವ ಹಿಂಗಂದಳು' ಎಂದು ಜನ ಹೇಳುವಾಗ ನನ್ನ ಕಡೆ ನೋಡಿ ನಗುತ್ತಿದ್ದರು. ಆ ನಗು ನನಗೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಶಾಹೀನ್ ಬಂದಳು.

ವಿಜಯಪುರದ ಹುಡುಗಿ, ಶಾಹೀನ್ ಮುಲ್ಲಾ. ಅವಳ ತಾಯಿ ಕಿವುಡ ಮಕ್ಕಳ ಶಾಲೆಯ ಟೀಚರು. ಸಂಘದ ಅಧ್ಯಕ್ಷ ಗೂಳಪ್ಪ ಕಾಕಾ ಎಲ್ಲೋ ಅವಳ ಕೆಲಸ ನೋಡಿ ಕರೆಸಿದ್ದರು. ಅವಳ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಬಳೆ. ತಗಡಿನಷ್ಟು ತೆಳ್ಳಗೆ, ಬೂದು ಬಣ್ಣ. ಹಾಕಿಕೊಂಡರೆ ಮಣಿಕಟ್ಟಿನೊಳಗಿನ ನರಗಳ ಎಳೆತ ಓದಿ ಬೆರಳು ಹೇಗೆ ಮಡಚಿತು, ಕೈ ಎಲ್ಲಿಗೆ ಹೋಯಿತು ಎಂದು ತಿಳಿಯುತ್ತವೆ. ಸರ್ವರಿನಲ್ಲಿ ಕುಳಿತ ಜೋಡುಸೇವೆ ಅದನ್ನು ಮಾತಾಗಿಸಿ ಹೇಳುತ್ತದೆ. ಬೇರೆಯವರು ಮಾತಾಡಿದರೆ ಅದೇ ಮಾತನ್ನು ಪರದೆಯ ಮೇಲೆ ಎರಡು ಚಿತ್ರದ ಕೈಗಳು ಸನ್ನೆ ಮಾಡಿ ತೋರಿಸುತ್ತವೆ. ನಡುವೆ ಯಾರೂ ಬೇಕಿಲ್ಲ.

ಯಾರೂ ಎಂದರೆ ನಾನು.

ದಾನವ್ವ ಹಸಿರು ಗಾಜಿನ ಬಳೆಗಳ ನಡುವೆ ಆ ಬೂದು ಬಳೆ ತೊಟ್ಟುಕೊಂಡು ಕೈ ತಿರುಗಿಸಿ ತಿರುಗಿಸಿ ನೋಡಿದಳು. ಮೂವತ್ತೆಂಟರ ಹೆಂಗಸು ಮೂರು ವರ್ಷದ ಕೂಸಿನಂತೆ ನಕ್ಕಳು. ನಾನು ಕೊಟ್ಟ ಸನ್ನೆಗಳ ಪಟ್ಟಿ ಹಿಡಿದು ಒಂಬತ್ತು ದಿನದಲ್ಲಿ ಶಾಹೀನ್ ಅವಳ ಜೊತೆ ನೇರವಾಗಿ ಹರಟೆ ಹೊಡೆಯತೊಡಗಿದಳು. ಇಬ್ಬರೂ ಮಗ್ಗದ ಪಕ್ಕ ಕುಳಿತು ಕೈ ಬೀಸುತ್ತ ನಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಗೊತ್ತಿಲ್ಲದ ಎರಡು ಹೊಸ ಸನ್ನೆ ಆಗಲೇ ಹುಟ್ಟಿದ್ದವು. ಏನದು ಎಂದು ಕೇಳಿದರೆ ದಾನವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಆ ದಿನ ಊಟಕ್ಕೆ ಕುಳಿತಾಗ ರೊಟ್ಟಿ ಒಳಗೆ ಇಳಿಯಲಿಲ್ಲ.

'ಯಾಕ್ರೀ, ಪಲ್ಯಾ ಸೇರಲಿಲ್ಲೇನು?' ಎಂದಳು ನನ್ನ ಹೆಂಡತಿ ಕಸ್ತೂರಿ.

'ಆ ಹುಡಿಗಿ ಬಳಿ ಸರಿಯಿಲ್ಲ. ಅಕಿಗೆ ನಮ್ಮ ಸನ್ನಿ ಏನ ತಿಳೀತೈತಿ?'

'ಬಳಿ ಸರಿ ಅದಾವು. ನಿಮ್ಮ ಹೊಟ್ಟಿ ಸರಿಯಿಲ್ಲ. ಉರಿಯೋ ವಾಸನಿ ಒಲಿ ಮುಂದ ಕುಂತ ನನಗ ಬರಾಕತ್ತೈತಿ.' ಇನ್ನೊಂದು ರೊಟ್ಟಿ ತಟ್ಟೆಗೆ ಎಸೆದಳು. 'ತಂಗಿ ಚಂದ ಆದ್ರ ಅಣ್ಣ ಕುಣೀಬೇಕು. ನಿಮ್ದೇನ ಇದು ಹೊಸಾ ಪದ್ಧತಿ?'

ಅವಳು ಹೇಳಿದ್ದು ನಿಜವಾಗಿತ್ತು. ನಿಜ ಹೇಳಿದವರ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳಿದವರ ಮೇಲೆ ಬರುವುದಿಲ್ಲ.

ಮರುದಿನ ಬಣ್ಣದ ಮನೆಯಲ್ಲಿ ಶಾಹೀನ್ ತನ್ನ ಸೇವೆಯನ್ನು ಸರ್ವರಿಗೆ ಕೂಡಿಸಲು ಕುಳಿತಳು. ಕೂಡಲಿಲ್ಲ. ಟೋಕನ್ ಬದಲಿಸಿದಳು, ಪೋರ್ಟ್ ಬದಲಿಸಿದಳು, ನಾಲ್ಕು ಸಲ ರಿಸ್ಟಾರ್ಟ್ ಮಾಡಿದಳು. ಸರ್ವರು ಪ್ರತಿ ಸಲವೂ ಅದನ್ನು ಹೊರಗೆ ತಳ್ಳುತ್ತಿತ್ತು. ಕಾರಣ ನನಗೆ ಮೊದಲ ನಿಮಿಷದಲ್ಲೇ ಗೊತ್ತಿತ್ತು. ದಾನವ್ವನ ಹೆಸರು 'ದನಿ'ಯ ಹಕ್ಕಿನಲ್ಲಿತ್ತು, ಒಂದಕ್ಕೇ. ಇನ್ನೊಂದು ಸೇವೆ ಆ ಹೆಸರನ್ನು ಮುಟ್ಟುವ ಹಾಗಿರಲಿಲ್ಲ. ನಾನು ಚಹಾ ಕುಡಿಯುತ್ತ ಎರಡು ದಿನ ಸುಮ್ಮನೆ ಕುಳಿತೆ. ಒಮ್ಮೆ 'ನಿಮ್ಮ ಕೇಬಲ್ಲ ನೋಡ್ರಿ' ಎಂದೂ ಹೇಳಿದೆ. ಇಷ್ಟು ಸಣ್ಣತನ ನನ್ನಲ್ಲಿದೆ ಎಂದು ಆವರೆಗೆ ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ ಅವಳು ಸರ್ವರಿನ ದಿನಚರಿಯಂಥ ಹಳೆಯ ಲಾಗ್ ಮೇಲಿನಿಂದ ಕೆಳಗೆ ಓದಿ ಎದ್ದು ನಿಂತಳು. 'ಅಣ್ಣಾ, ಯಾರೋ ಅಕ್ಕನ ಹೆಸರಿಗೆ ಬೀಗ ಹಾಕ್ಯಾರ್ರೀ.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. 'ನಾ ಬೇಕಂತ ಮಾಡಿಲ್ಲವಾ, ಹಳೇದು, ಮರತಬಿಟ್ಟಿದ್ದೆ' ಎಂದೆ. ಅವಳು ಏನೂ ಕೇಳಿರಲಿಲ್ಲ. 'ಹೌದು' ಅಳಿಸಿ 'ಇಲ್ಲ' ಬರೆದೆ. ನನ್ನ ಬೆರಳು ಕೀಲಿಯ ಮೇಲೆ ಒತ್ತುವಾಗ ಯಾರೋ ನನ್ನ ಮನೆಯ ಬಾಗಿಲು ಕಿತ್ತು ಒಯ್ದಂತಾಯಿತು.

ಸೇವೆ ಕೂಡಿತು. ಹತ್ತು ವರ್ಷದ ಜೋಡಿಗಳನ್ನೆಲ್ಲ ನೋಡಿ ಕಲಿಯತೊಡಗಿತು. ಸಂಜೆಗೆ ಒಂದು ಪಟ್ಟಿ ಎದುರಿಗಿಟ್ಟಿತು: 'ಇನ್ನೂರ ಹದಿನಾಲ್ಕು ಕಡೆ ಕೈಗೂ ಬರಹಕ್ಕೂ ಹೊಂದುತ್ತಿಲ್ಲ. ಅದೇ ಸನ್ನೆಗೆ ಬೇರೆ ಕಡೆಗಳಲ್ಲಿ ಬೇರೆ ಅರ್ಥ ಬರೆಯಲಾಗಿದೆ. ಯಾವುದನ್ನು ನಂಬಬೇಕು: ಕೈ ಅಥವಾ ಬರಹ?'

'ಇದನ್ನ ನೀವ ನೋಡ್ರಿ ಅಣ್ಣಾ' ಎಂದಳು ಶಾಹೀನ್. 'ನಿಮಗಿಂತ ಯಾರಿಗೆ ಗೊತ್ತೈತಿ? ನಾ ಕೈ ಹಚ್ಚಂಗಿಲ್ಲ.' ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಪಟ್ಟಿ ತೆರೆದೆ. ಮೊದಲು ನಗು ಬಂತು. ದಾನವ್ವ ಗೂಳಪ್ಪ ಕಾಕಾನಿಗೆ 'ನಿನ್ನ ಮೀಸಿ ಹಳೇ ಕುಂಚದಂಗೈತಿ' ಎಂದದ್ದನ್ನು ನಾನು 'ಆರಾಮ ಅದೀರೇನ್ರಿ' ಎಂದು ಬರೆದಿದ್ದೆ. ಮರ್ಯಾದೆ ಉಳಿಸಿದ್ದೆ. ಸಂಘದ ಸಭೆಯಲ್ಲಿ ಉಪ್ಪಿಟ್ಟು ಕೊಟ್ಟಾಗ ಅವಳು ಮೂಗು ಮುರಿದದ್ದನ್ನು 'ಭಾಳ ರುಚಿ ಐತಿ' ಎಂದು ಬರೆದಿದ್ದೆ. ಅದನ್ನು ನಂಬಿ ಪ್ರತಿ ಸಭೆಗೂ ಅವಳಿಗೆ ಎರಡು ತಟ್ಟೆ ಕೊಡುತ್ತಿದ್ದರು. ಅವಳ ಪಾಲು ತಿಂದವನು ನಾನೇ.

ನೂರಾ ಎಂಬತ್ತರ ಹತ್ತಿರ ಬಂದಾಗ ನಗು ನಿಂತಿತು.

ಮೂರು ವರ್ಷದ ಹಿಂದಿನದು. ಇಳಕಲ್ಲಿನ ನೇಕಾರರು ಹೊಸದಾಗಿ ನಕ್ಷೆ ಕಲಿಸುವ ಮನೆ ತೆರೆಯುವಾಗ ದಾನವ್ವನನ್ನು ಅದರ ಹಿರಿಯಳಾಗಿ ಬರಲು ಕೇಳಿದ್ದರು. ಚಿತ್ರದಲ್ಲಿ ಅವಳ ಕೈ ಸ್ಪಷ್ಟವಾಗಿತ್ತು. ಭುಜದ ಮೇಲಿನಿಂದ ಸೆರಗು ಎಳೆದು ತೋರಿಸಿದ್ದಳು. ಇಳಕಲ್ಲಿಗೆ ಅವಳ ಸನ್ನೆ ಅದು. ಆಮೇಲೆ ಎರಡು ಬೆರಳಿನ ನಡಿಗೆ, ಎದೆಯ ಮೇಲೆ ಮುಷ್ಟಿ. ಇಳಕಲ್ಲಿಗೆ ಹೋಗ್ತೀನಿ, ನಾನು, ಖರೇ. ಕೆಳಗೆ ನನ್ನ ಬರಹ: 'ನಾ ಒಲ್ಲೆ. ಅಣ್ಣನ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ.'

ಅವಳಿಗೆ ಆಗ ಏನು ಹೇಳಿದ್ದೆ? ಇಳಕಲ್ಲಿನವರು ಬೇರೆಯವರನ್ನು ಆರಿಸಿದರು ಎಂದಿದ್ದೆ. ಅವಳು ಮೂರು ದಿನ ಮಗ್ಗಕ್ಕೆ ಕೂತಿರಲಿಲ್ಲ. ಜ್ವರ ಬಂದಿದೆ ಎಂದು ಊರಿಗೆ ಬರೆದಿದ್ದೂ ನಾನೇ.

ಇದನ್ನು ನಾನು ಮರೆತಿದ್ದೆ ಎಂದು ಹೇಳಲಾರೆ. ಮೇಲೆ ಅರಿವೆ ಮುಚ್ಚಿ ಇಟ್ಟಿದ್ದೆ, ಅಷ್ಟೆ. ಈಗ ಇಳಕಲ್ಲಿನಿಂದ ಮತ್ತೆ ಕರೆ ಬಂದಿತ್ತು. ಬರುವ ಸೋಮವಾರ ಸಂಘದ ಸಭೆ. ಬಳೆಯ ಮೂಲಕ ದಾನವ್ವ ಮೊದಲ ಸಲ ತಾನೇ ಉತ್ತರ ಕೊಡುವವಳಿದ್ದಳು. ಅವಳು ಹೊರಟರೆ ನಾನು ಯಾರು? ಹಳೆಯ ಬಣ್ಣದ ಮನೆಯಲ್ಲಿ ಕುಳಿತು ನಳದ ನೀರಿನ ಹೊತ್ತು ಹೇಳುವವನು. ಒಂಬತ್ತು ದಿನದಲ್ಲಿ ಹತ್ತಿರವಾದ ಹುಡುಗಿಗೆ ಅವಳು ಗೆಳತಿ, ಮೂವತ್ತೆಂಟು ವರ್ಷ ಜೊತೆಗಿದ್ದ ಅಣ್ಣನಿಗೆ ಏನೂ ಅಲ್ಲ.

'ಬರಹ' ಎಂದು ಆರಿಸಿದೆ. ಸೇವೆ 'ಆಯಿತು' ಎಂದು ಹಸಿರು ದೀಪ ತೋರಿಸಿತು. ಇನ್ನು ಆ ಸನ್ನೆಗಳನ್ನು ಅವಳು ಮತ್ತೆ ಮಾಡಿದರೆ ಸೇವೆ ಹೇಳುವುದು ನನ್ನ ಬರಹವನ್ನೇ.

ಇನ್ನೊಂದು ಕೆಲಸವನ್ನೂ ಆಗಲೇ ಮಾಡಿ ಮುಗಿಸಿದ್ದೆ. ಸನ್ನೆಗಳ ಪಟ್ಟಿ ಕೊಡುವಾಗ ಶಾಹೀನ್ ಕೇಳಿದ್ದಳು, 'ಅಕ್ಕ ಮಾತ ಮಾತಿಗೆ ಕಿವಿ ಹಿಡಿದು ಎಳೀತಾಳಲ್ರೀ, ಅದೇನು?' ಆರುನೂರು ಸನ್ನೆ ಕೊಟ್ಟವನು ಅದೊಂದನ್ನು ಮಾತ್ರ ಕೊಡಲಾರದೆ ಹೋದೆ. 'ಅದೇನಿಲ್ಲ, ಅಕಿ ಕಿವಿ ಕಡೀತಾವು' ಎಂದೆ. ಪಾಪ, ಅವಳು ಹಾಗೇ ಬರೆದುಕೊಂಡಳು: ಕಿವಿ ಕಡಿತ, ಬಿಟ್ಟುಬಿಡಿ.

ಸೋಮವಾರ ಬೆಳಿಗ್ಗೆ ಸಂಘದ ಹಜಾರ ತುಂಬಿತ್ತು. ಗೋಡೆಗೆ ದೊಡ್ಡ ಪರದೆ, ಪಕ್ಕದಲ್ಲಿ ಸ್ಪೀಕರು. ದಾನವ್ವ ತಾನೇ ನಕ್ಷೆ ಹಾಕಿದ ಖಣದ ಕುಪ್ಪಸ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನು ಪರದೆಯ ಕೆಳಗಿನ ಮೇಜಿನಲ್ಲಿದ್ದೆ.

ಗೂಳಪ್ಪ ಕಾಕಾ ಗಂಟಲು ಸರಿಮಾಡಿಕೊಂಡರು. 'ದಾನವ್ವ, ಇಳಕಲ್ಲಿನವರು ಮತ್ತ ಕೇಳ್ಯಾರ. ನಕ್ಷಿ ಮನಿಗೆ ನೀನ ಹಿರ್ಯಾಕಿ ಆಗಬೇಕಂತ. ಹೋಗ್ತೀಯೇನವಾ?'

ಪರದೆಯ ಮೇಲೆ ಚಿತ್ರದ ಕೈಗಳು ಅದನ್ನು ಸನ್ನೆ ಮಾಡಿ ಹೇಳಿದವು. 'ಮತ್ತ' ಎಂಬ ಸನ್ನೆ ಬಂದಾಗ ದಾನವ್ವನ ಹುಬ್ಬು ಏರಿತು. ಆದರೂ ಅವಳು ಎದ್ದು ನಿಂತು ಸೆರಗು ಎಳೆದಳು, ಬೆರಳು ನಡೆಸಿದಳು, ಎದೆಗೆ ಮುಷ್ಟಿ ಇಟ್ಟಳು.

ಸ್ಪೀಕರಿನಿಂದ ಹೆಣ್ಣುದನಿ ಬಂತು. 'ನಾ ಒಲ್ಲೆ. ಅಣ್ಣನ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ.'

ಹಜಾರದಲ್ಲಿ ಆಹಾ ಎಂಬ ಮೆಚ್ಚುಗೆ ಎದ್ದಿತು. 'ಅಣ್ಣತಂಗಿ ಅಂದ್ರ ಹಿಂಗಿರಬೇಕ ನೋಡ್ರಿ' ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ನನ್ನ ಎದೆ ಹಗುರಾಯಿತು.

ಆದರೆ ನಾನು ಹಳೆಯ ಸರ್ವರಿನ ಮನುಷ್ಯ, ಹಳೆಯ ರೂಢಿಯಲ್ಲೇ ಒಂದನ್ನು ಮರೆತಿದ್ದೆ. ನಮ್ಮ ಸರ್ವರು ಯಾರು ಏನೇ ಹೇಳಿದರೂ, ಮುಟ್ಟಿತು ಎಂದು ತೋರಿಸಲು ಅವರ ಮಾತನ್ನು ಅವರಿಗೇ ಮರಳಿ ಕಳಿಸುತ್ತದೆ. ಹತ್ತು ವರ್ಷ ದಾನವ್ವನ ಮಾತು ಮರಳಿ ಬರುತ್ತಿದ್ದದ್ದು ನನ್ನ ಪರದೆಗೆ, ಬರೆಯುವವನು ನಾನಾದ್ದರಿಂದ. ಈಗ ಬಳೆಯ ಮೂಲಕ ಕಳಿಸುವವಳು ಅವಳೇ. ಆ ಮರುಮಾತು ನಿಲ್ಲಿಸಬೇಕೆಂಬುದು ನನಗೆ ಹೊಳೆದಿರಲೇ ಇಲ್ಲ. ಗೋಡೆಯ ಮೇಲೆ ಚಿತ್ರದ ಕೈಗಳು ಎದ್ದು, ಅವಳದೇ ಹೆಸರಿನ ಕೆಳಗೆ, ಅವಳದೇ ಸನ್ನೆಗಳಲ್ಲಿ ಹೇಳಿದವು: ನಾ ಒಲ್ಲೆ. ಎಲ್ಲೂ ಹೋಗಂಗಿಲ್ಲ.

ದಾನವ್ವ ಪರದೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಮತ್ತೆ ಹೇಳಿದಳು, ನಿಧಾನವಾಗಿ. ಸ್ಪೀಕರು ಮತ್ತೆ ಒಲ್ಲೆ ಎಂದಿತು, ಚಿತ್ರದ ಕೈಗಳು ಮತ್ತೆ ಒಲ್ಲೆ ಎಂದವು. ಮೂರನೆಯ ಸಲ ಅವಳ ಮುಷ್ಟಿ ಎದೆಗೆ ಬಿದ್ದ ಸಪ್ಪಳ ನನ್ನ ಮೇಜಿನ ತನಕ ಕೇಳಿಸಿತು.

ಶಾಹೀನ್ ಓಡಿಬಂದು ಲಾಗ್ ತೆರೆದಳು. 'ಟೋಕನ್ ಸರಿ ಐತಿ, ಬಳಿ ಸರಿ ಅದಾವು... ಅಣ್ಣಾ, ನಂದ ಏನೋ ತಪ್ಪಾಗೇತ್ರಿ. ಎಲ್ಲೋ ನಾನ ಕೆಡಿಸೀನಿ.' ಕಣ್ಣಲ್ಲಿ ನೀರು ತುಂಬಿತ್ತು.

ಗೂಳಪ್ಪ ಕಾಕಾ ಕೈ ಎತ್ತಿದರು. 'ಇರಲಿ ಬಿಡವಾ, ಮಷೀನು ಕೆಟ್ಟೈತಿ. ತಗದ ಇಡು. ಮಾಗುಂಡ, ನೀನ ಹೇಳಪಾ. ಏನಂತಾಳ ನಿಮ್ಮ ತಂಗಿ?'

ಇಡೀ ಹಜಾರ ನನ್ನ ಕಡೆ ತಿರುಗಿತು. ಹತ್ತು ವರ್ಷ ನಾನು ಬಯಸಿದ ಅದೇ ನೋಟ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಶಾಹೀನ್ ಪೆಟ್ಟಿಗೆ ಕಟ್ಟಿಕೊಂಡು ವಿಜಯಪುರಕ್ಕೆ ಹೋಗುತ್ತಿದ್ದಳು, ದಾನವ್ವನ ಹೆಸರು ನನಗೆ ಮರಳಿ ಸಿಗುತ್ತಿತ್ತು.

ದಾನವ್ವನೂ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು. ಮೂರು ವರ್ಷದ ಹಿಂದಿನದೂ ಗೊತ್ತಾಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ತನ್ನ ಕಿವಿಯ ಹಾಲೆ ಹಿಡಿದು ಎಳೆದಳು, ಒಮ್ಮೆ, ಮತ್ತೊಮ್ಮೆ. ಐದು ವರ್ಷದವಳು ಅಟ್ಟದ ಮೇಲೆ ಕರೆಯುತ್ತಿದ್ದ ಹಾಗೆ. ಕಿವಿ, ಕೇಳು.

ಆ ಒಂದು ಸನ್ನೆಯನ್ನೇ ನಾನು ಕಿವಿ ಕಡಿತ ಎಂದು ಬರೆಸಿದ್ದೆ. ನನ್ನ ಹೆಸರನ್ನು ನಾನೇ ಕಸಕ್ಕೆ ಹಾಕಿದ್ದೆ.

'ಶಾಹೀನ್‌ದು ತಪ್ಪಿಲ್ರೀ' ಎಂದೆ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. 'ಮಷೀನೂ ಕೆಟ್ಟಿಲ್ಲ. ಕೆಟ್ಟಾಂವ ನಾನು. ದಾನವ್ವ ಏನಂದಳು ಅಂತ ನಾ ಹೇಳಂಗಿಲ್ಲ. ಅಕಿನ್ನ ಕೇಳ್ರಿ.'

ಫೈಲ್ ತೆರೆದು 'ಬರಹ' ಅಳಿಸಿ 'ಕೈ' ಎಂದು ಬರೆದೆ. ಸೇವೆ ಮರಳಿ ಏಳಲು ಹನ್ನೊಂದು ಸೆಕೆಂಡು ಬೇಕು. ಹಸಿರು ದೀಪ ಮತ್ತೆ ಹೊತ್ತಿತು.

ದಾನವ್ವ ಕೈ ಎತ್ತಿದಳು.

'ಇಳಕಲ್ಲಿಗೆ ಹೋಗ್ತೀನಿ' ಎಂದಿತು ಸ್ಪೀಕರು. 'ಮೂರ ವರ್ಷದ ಹಿಂದನೂ ಹೋಗ್ತೀನಿ ಅಂದಿದ್ದೆ.' ಗೂಳಪ್ಪ ಕಾಕಾ ನನ್ನನ್ನು ನೋಡಿ ತಲೆ ಕೆಳಗೆ ಹಾಕಿದರು. 'ಮತ್ತ, ನನಗ ಉಪ್ಪಿಟ್ಟ ಸೇರಂಗಿಲ್ಲ. ಹತ್ತ ವರ್ಷ ಆತು.' ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಜಾರ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ.

ನಗು ಇಳಿದ ಮೇಲೆ ದಾನವ್ವ ಇನ್ನೊಂದು ಮಾತು ಹೇಳಿದಳು. ಸ್ಪೀಕರು ತಡವರಿಸಿತು. '...ಸುಳ್ಳ ಹೇಳ್ಯಾನ. ...ಮ್ಯಾಲೆ ಸಿಟ್ಟೈತಿ.' ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರ ಮೂಡಿತು: ಬಿಟ್ಟ ಸನ್ನೆ, ಕಿವಿ ಕಡಿತ.

ಶಾಹೀನ್ ಅದನ್ನು ನೋಡಿ ನನ್ನ ಕಡೆ ತಿರುಗಿದಳು. ಮೆಲ್ಲಗೆ ಕೇಳಿದಳು, 'ಅಣ್ಣಾ, ಅದು ಕಿವಿ ಕಡಿಯೂದಲ್ಲ, ಹೌದಿಲ್ರೀ?'

'ಅಲ್ಲವಾ' ಎಂದೆ. 'ಅದು ನಾನು.'

ಅವಳ ಎದುರಿಗೇ ಬರೆದುಕೊಟ್ಟೆ. ಆರುನೂರ ಒಂದನೆಯ ಸನ್ನೆ. ಸ್ಪೀಕರು ಈ ಸಲ ತಡವರಿಸಲಿಲ್ಲ. 'ಕಿವಿ ಸುಳ್ಳ ಹೇಳ್ಯಾನ. ಕಿವಿ ಮ್ಯಾಲೆ ಸಿಟ್ಟೈತಿ.' ಊರಿಗೆ ಊರೇ ಕೇಳಿತು. ಕೇಳಬೇಕಾದದ್ದೇ.

'ಮಾಡಿದ್ದುಣ್ಣೋ ಮಹಾರಾಯ' ಎಂದಳು ಕಸ್ತೂರಿ, ಮನೆಗೆ ಬರುವ ದಾರಿಯಲ್ಲಿ. ಅಷ್ಟೇ ಹೇಳಿದಳು, ಅದು ಅವಳ ದೊಡ್ಡತನ.

ದಾನವ್ವ ಇಳಕಲ್ಲಿಗೆ ಹೋಗಿ ಎಂಟು ತಿಂಗಳಾಯಿತು. ಮೊದಲ ಎರಡು ತಿಂಗಳು ಅವಳಿಂದ ನನಗೆ ಒಂದು ಮಾತೂ ಬರಲಿಲ್ಲ. ಆ ಎರಡು ತಿಂಗಳಲ್ಲಿ ಇಳಕಲ್ಲಿನ ಸೇತುವೆ ಸೇವೆಯನ್ನು ನಾನು ಎಷ್ಟು ಸಲ ಪರೀಕ್ಷಿಸಿದೆನೋ ದೇವರಿಗೇ ಗೊತ್ತು. ಅದರಲ್ಲಿ ದೋಷವೇ ಇರಲಿಲ್ಲ. 'ದನಿ'ಯನ್ನು ಸರ್ವರಿನಿಂದ ತೆಗೆದುಹಾಕಿದ್ದೇನೆ. ಶಾಹೀನ್‌ಗೆ ಅವಳು ಉದ್ದುದ್ದ ಮಾತು ಕಳಿಸುತ್ತಾಳೆ, ಮಕ್ಕಳ ಸುದ್ದಿ, ನಕ್ಷೆಯ ಸುದ್ದಿ, ಇಬ್ಬರಿಗೇ ಗೊತ್ತಿರುವ ಯಾವುದೋ ತಮಾಷೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗುಣ ಅಷ್ಟು ಬೇಗ ಹೋಗುವುದಿಲ್ಲ.

ಮೂರನೆಯ ತಿಂಗಳ ಒಂದು ಮಧ್ಯಾಹ್ನ ಗೋಡೆಯ ಪರದೆ ಮಾತಾಡಿತು. 'ಕಿವಿ, ಅಲ್ಲಿ ಇವತ್ತ ಏನ ಸಪ್ಪಳ ಐತಿ?'

ಅಂದಿನಿಂದ ದಿನಾ ಕೇಳುತ್ತಾಳೆ, ಅದೊಂದೇ ಸಾಲು. ಶಾಹೀನ್‌ಗೂ ಹೀಗೆ ಕೇಳುತ್ತಾಳೇನು ಎಂದು ನಾನು ವಿಚಾರಿಸಿದ್ದೇನೆ, ಲಾಗ್ ತೆರೆದು ನೋಡಿ ಅಲ್ಲ, ಶಾಹೀನ್‌ಳನ್ನೇ ಕೇಳಿ. 'ಇಲ್ರೀ ಅಣ್ಣಾ, ನನಗ ಒಮ್ಮೆನೂ ಕೇಳಿಲ್ಲ' ಎಂದಳು.

ಆ ಸಾಲು ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಇವತ್ತು ಪಕ್ಕದ ಮನೆಯ ಮಗ್ಗ ನಡೆದಿದೆ, ಅದರ ಒಂದು ಹಲಗೆ ಸಡಿಲಾಗಿದೆ. ಯಾರೋ ಕೊಡ ಇಳಿಸಿದರು. ಕಸ್ತೂರಿ ಒಳಗೆ ನನ್ನನ್ನು ಬೈಯುತ್ತಿದ್ದಾಳೆ. ಎಲ್ಲವನ್ನೂ, ಒಂದನ್ನೂ ಬಿಡದೆ, ಹೇಗೆ ಕೇಳಿಸಿತೋ ಹಾಗೆ ಬರೆದು, ಚಿತ್ರದ ಕೈಗಳಿಗೆ ಕೊಟ್ಟು ಕಳಿಸುತ್ತೇನೆ.